ಹಾಲಸ್ವಾಮಿ ತೋರಿಸಿದ ಚಂದ್ರ

೧.
ಎಪ್ಪತ್ತರ ದಶಕದಲ್ಲಿ ಇಡೀ ಬಳ್ಳಾರಿ ಜಿಲ್ಲೆಗೆ ಯುಗಾದಿ ಚಂದ್ರನನ್ನು ಸಪ್ಲೈ ಮಾಡುತ್ತಿದ್ದವನು ಕೊಟ್ಟೂರಿನ ಹಾಲಸ್ವಾಮಿ ಎಂಬ ಹುಡುಗ. ಅವನು ಮಾಳಿಗೆ ಹತ್ತಿ ಬೆರಳು ಎತ್ತುವ ತನಕ ಕೂಡ್ಲಿಗಿಯಲ್ಲಿ ಒಬ್ಬರೂ ಉಣ್ಣುತ್ತಿರಲಿಲ್ಲ. ಹಡಗಲಿಯ ಮಲ್ಲಿಗೆ ಮೊಗ್ಗುಗಳು ಅರಳದೆ ಕಾಯುತ್ತಿದ್ದವು. ಹರಪನಹಳ್ಳಿಯ ಬಸ್ಸು ಎಂಜಿನ್ ಆಫ್ ಮಾಡಿಕೊಂಡು ದಾರಿಯಲ್ಲೇ ನಿಂತಿರುತ್ತಿತ್ತು.

ಹೀಗೆ ಶುರು ಮಾಡಬಹುದೇ? ನೀವು ಈಗಲೇ ನಗುತ್ತಿದ್ದೀರಿ. ಆಯಿತು, ಹೊಡೆದುಹಾಕಿದೆ.

೧. (ಮತ್ತೆ)
ಹಾಲಸ್ವಾಮಿಯ ಮನೆಯಲ್ಲಿ ಒಂದು ಪದ್ಧತಿ. ಯುಗಾದಿಯ ಸಂಜೆ ಪಡುವಣದಲ್ಲಿ ಉಗುರಿನಷ್ಟು ಚಂದ್ರ ಕಾಣುವ ತನಕ ಅವನ ಅಜ್ಜಿ ನಾಗಲಿಂಗಮ್ಮ ಊಟಕ್ಕೆ ಕೂರುತ್ತಿರಲಿಲ್ಲ. ಅಜ್ಜಿ ಕೂರದೆ ಬೇರೆಯವರೂ ಕೂರುವಂತಿರಲಿಲ್ಲ. ಬೆಳಿಗ್ಗೆ ಒಂದು ಬಟ್ಟಲು ಬೇವು-ಬೆಲ್ಲ ಕುಡಿದವರು ಸಂಜೆತನಕ ಹೋಳಿಗೆಯ ವಾಸನೆ ಕುಡಿಯಬೇಕು.

ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ಮೊಮ್ಮಗ ಆಕೆಯ ಕೈ ಹಿಡಿದು ಚಂದ್ರನಿರುವ ಕಡೆ ತಿರುಗಿಸಿ ನಿಲ್ಲಿಸಬೇಕು. ಆಮೇಲೆ ಆಕೆ ಚಂದ್ರನ ಎರಡು ತುದಿಯಲ್ಲಿ ಯಾವ ಕೋಡು ಮೇಲೈತಿ ಅಂತ ಕೇಳುತ್ತಿದ್ದಳು. ಬಡಗಣ ಕೋಡು ಮೇಲಿದ್ದರೆ ಒಂದು ಥರದ ವರ್ಷ, ತೆಂಕಣದ್ದು ಮೇಲಿದ್ದರೆ ಇನ್ನೊಂದು ಥರದ್ದು. ಹಾಲಸ್ವಾಮಿ ಗತ್ತಿನಿಂದ ಹೇಳುತ್ತಿದ್ದ. ಹದ್ದಿನ ಕಣ್ಣಿನ ಹುಡುಗ ಅಂತ ಓಣಿಯ ತುಂಬ ಹೆಸರು.

೩.
(೨ ಇಲ್ಲ. ಅದರಲ್ಲಿ ಅವನು ಹಾಡಹಗಲೇ ನಕ್ಷತ್ರ ಎಣಿಸುತ್ತಿದ್ದ. ನನಗೇ ನಾಚಿಕೆಯಾಗಿ ಕಿತ್ತುಹಾಕಿದೆ.)

ಈಗ ಗುಟ್ಟು. ಹಾಲಸ್ವಾಮಿಗೆ ಶಾಲೆಯ ಕರಿಹಲಗೆಯ ಮೇಲಿನ ಅಕ್ಷರವೇ ಕಾಣುತ್ತಿರಲಿಲ್ಲ, ಇನ್ನು ಚಂದ್ರ? ಸುತ್ತಲಿನ ಮಾಳಿಗೆಗಳ ಗದ್ದಲ ಯಾವ ಕಡೆ ತಿರುಗುತ್ತದೋ ಆ ಕಡೆ ಬೆರಳು ಮಾಡುತ್ತಿದ್ದ. ಕೋಡನ್ನು ಮಾತ್ರ ಸ್ವಂತ ಕಲ್ಪನೆಯಿಂದ ಜೋಡಿಸುತ್ತಿದ್ದ.

ಇದನ್ನು ಹಿಡಿದವಳು ಅವನ ಅಕ್ಕ ಕಲ್ಯಾಣಮ್ಮ. ಆ ವರ್ಷ ಅಮಾವಾಸ್ಯೆಯ ದಿನ ಅವನನ್ನು ಹಿತ್ತಲಿಗೆ ಕರೆದು ಹೇಳಿದಳು:

"ನಾಳೆ ಎಲ್ಲಾರಕಿಂತ ಮೊದ್ಲ ನೀನ ತೋರಿಸ್ಬೇಕು ನೋಡಲೇ. ತಪ್ಪಿದ್ಯೋ, ಇಷ್ಟು ವರ್ಷ ಬರೇ ಗಾಳಿಗೆ ಕೈ ಮುಗಿಸ್ಯಾನ ಅಂತ ಅಜ್ಜಿಗೆ ಹೇಳಿಬಿಡ್ತೀನಿ."

ಅವನಿಗೆ ಬೈಗುಳದ ಭಯವಿರಲಿಲ್ಲ. ಅಜ್ಜಿ ಇನ್ನು ಮೇಲೆ ತನ್ನ ಕೈ ಹಿಡಿಯುವುದಿಲ್ಲ, ಅಕ್ಕನ ಕೈ ಹಿಡಿಯುತ್ತಾಳೆ. ರಾತ್ರಿಯೆಲ್ಲ ನಿದ್ದೆಗೆಡಿಸಿದ್ದು ಅದೊಂದೇ.

೪. ಮುಕ್ತಾಯ (ದೊಡ್ಡ ಬಜೆಟ್ಟಿನದು)
ಹಾಲಸ್ವಾಮಿ ಕಣ್ಣು ಮುಚ್ಚಿ ಬೇಡಿಕೊಂಡ. ಅರಬ್ಬೀ ಸಮುದ್ರದಿಂದ ಎದ್ದ ಮೋಡಗಳು ಎಲ್ಲೂ ನಿಲ್ಲದೆ ಬಂದು ಕೊಟ್ಟೂರಿನ ಮೇಲೆ ಕುಂತವು. ಯಾರಿಗೂ ಚಂದ್ರ ಕಾಣಲಿಲ್ಲ. ಆ ಒಂದು ಸಂಜೆ ಇಡೀ ಊರಿಗೆ ಅವನದೇ ಕಣ್ಣು.

೪. ಮುಕ್ತಾಯ (ಕಣ್ಣೀರಿನದು)
ಬೆಳಿಗ್ಗೆಯೇ ದಾವಣಗೆರೆಯಿಂದ ಕನ್ನಡಕ ಬಂತು. ಸಂಜೆ ಎರಡೂ ಕೋಡು ಕಂಡವು. ಚಂದ್ರನೊಳಗಿನ ಮೊಲದ ಮೀಸೆ ಕೂಡ.

ಇಷ್ಟನ್ನು ಹಗರಿಬೊಮ್ಮನಹಳ್ಳಿಯಲ್ಲಿರುವ ಕಲ್ಯಾಣಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಪಾತ್ರಗಳಿಗೆ ಕಥೆ ಓದಿ ಹೇಳಬಾರದು, ನೀವಾದರೂ ಕಲಿಯಿರಿ. ಆಕೆ ಒಂದೇ ಮಾತಿಗೆ ಮೋಡ ಚದುರಿಸಿದಳು: ಆ ಸಂಜೆ ಆಕಾಶ ತೊಳೆದಿಟ್ಟ ಗಂಗಾಳದ ಹಾಗಿತ್ತಂತೆ. ಕನ್ನಡಕವನ್ನೂ ಕಿತ್ತುಕೊಂಡಳು: ಅದು ಬಂದದ್ದು ಹೈಸ್ಕೂಲು ಸೇರಿದ ಮೇಲೆ. ಕೊನೆಗೆ,

"ಅದೇನದು, ಅವನು ಅವನು ಅಂತ ಬರ್ದಿ? ಹಾಲಸ್ವಾಮಿ ಅಂದ್ರ ನೀನ ಅಲ್ಲೇನಲೇ?"

ಸಿಕ್ಕಿಬಿದ್ದೆ. ಹೌದು, ನಾನೇ.

೪. (ನಡೆದದ್ದು)
ಆಕಾಶ ಸ್ವಚ್ಛವಾಗಿತ್ತು. ಯಾವ ಮಾಳಿಗೆಯಿಂದಲೂ ಇನ್ನೂ ಕೂಗು ಎದ್ದಿರಲಿಲ್ಲ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ನಿಂತಿದ್ದಳು. ನನ್ನ ಬೆರಳು ಏಳಲಿಲ್ಲ. ಆಗ ಅಜ್ಜಿ, ಯಾರೂ ತಿರುಗಿಸದೆ, ತಾನೇ ಬಡಗಣಕ್ಕೆ ತಿರುಗಿದಳು. ಅಲ್ಲಿ ಟೂರಿಂಗ್ ಟಾಕೀಸಿನ ಕಂಬದ ಬಲ್ಬು ಆಗಷ್ಟೇ ಹತ್ತಿತ್ತು. ಪೊರೆ ಬಂದ ಕಣ್ಣಿಗೆ, ನನ್ನ ಕಣ್ಣಿಗೂ, ಅದು ರೊಟ್ಟಿಯಷ್ಟಿತ್ತು. ಆಕೆ ನನ್ನ ಕೈ ಬಿಟ್ಟು ಎರಡೂ ಕೈ ಮುಗಿದಳು.

"ಕಂಡ್ತವ್ವ," ಅಂದಳು. "ಈ ಸಲ ಭಾಳ ದೊಡ್ಡದೈತಿ."

ಅಕ್ಕ ಪಡುವಣಕ್ಕೆ ಒಮ್ಮೆ ನೋಡಿದಳು. ಚಂದ್ರ ಅವಳಿಗೆ ಸಿಕ್ಕಿತ್ತು. ಅವಳ ಮುಖ ಹತ್ತಿರವಿದ್ದದ್ದರಿಂದ ಸಿಕ್ಕಿದ್ದು ನನಗೂ ಕಂಡಿತು. ಬಾಯಿ ತೆರೆದಳು. ಆಮೇಲೆ ಬಲ್ಬಿನ ಕಡೆ ತಿರುಗಿ ಕೈ ಮುಗಿದಳು.

"ಹೌದಜ್ಜಿ. ದೊಡ್ಡದೈತಿ."

ನಾನೂ ಮುಗಿದೆ. ಆ ವರ್ಷ ಕೋಡಿನ ಸುದ್ದಿ ಯಾರೂ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಮಾಳಿಗೆಗಳಿಂದ ಗದ್ದಲ ಎದ್ದಾಗ ಅಜ್ಜಿ, ಪಾಪ, ಇವರಿಗೆ ಈಗ ಕಂಡಿತು ಅಂತ ಕನಿಕರಪಟ್ಟಳು. ಕೆಳಗಿಳಿಯುವಾಗ ಮತ್ತೆ ನನ್ನ ಕೈಯನ್ನೇ ಹುಡುಕಿ ಹಿಡಿದಳು. ನನಗೆ ಎಷ್ಟು ಹಗುರಾಯಿತೆಂದರೆ ನಲವತ್ತು ಹೋಳಿಗೆ ತಿಂದೆ.

(ನಾಲ್ಕು.)

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಫೋನಿಡುವ ಮೊದಲು ಕೇಳಿಯೇಬಿಟ್ಟೆ: ಅಕ್ಕಾ, ಅವತ್ತು ಕೈ ಮುಗಿದದ್ದು ಅಜ್ಜಿಯ ಸಲುವಾಗಿಯೋ, ನನ್ನ ಸಲುವಾಗಿಯೋ?

ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. ಅದರ ನಡುವೆ ಆಕೆ ಏನೋ ಅಂದಳು. ಕೇಳಿಸಿತು ಅಂತ ಬರೆದು, ಎರಡು ಸಾಲು ನಾನೇ ಹುಟ್ಟಿಸಿ, ನಿಮ್ಮನ್ನು ಅಳಿಸಿ ಕಳಿಸುವುದು ನನಗೇನು ಕಷ್ಟವಲ್ಲ.

ಕೇಳಿಸಲಿಲ್ಲ.