ಮೂವತ್ತೇಳು ಇಂಚು

"ಸಕ್ಕರೆ ಇಲ್ಲೂ ಇಲ್ಲ," ಎಂದು ಮಗಳು ಮೂಲೆಯ ಕಪಾಟಿನೊಳಗಿಂದಲೇ ಹೇಳಿದಳು. ಮೊಣಕಾಲೂರಿ ಸೊಂಟದವರೆಗೂ ಒಳಗೆ ತೂರಿಕೊಂಡಿದ್ದಳು. ಹೊರಗೆ ಕಾಣುತ್ತಿದ್ದದ್ದು ಎರಡು ಅಂಗಾಲು ಮಾತ್ರ. ಒಲೆಯ ಮೇಲೆ ಇಪ್ಪತ್ತು ಜನಕ್ಕೆ ಆಗುವಷ್ಟು ಟೀ ಕುದಿದು ಕುದಿದು ಕಪ್ಪಾಗಿತ್ತು. ನಡುಮನೆಯಲ್ಲಿ ಅವಳ ಅಮ್ಮನನ್ನು ಮಲಗಿಸಿದ್ದರು. ಸ್ಮಶಾನಕ್ಕೆ ಒಯ್ಯುವ ಗಾಡಿ ಹನ್ನೊಂದಕ್ಕೆ ಬರುವುದಿತ್ತು.

ಬಾಗಿಲಿಗೆ ಒರಗಿ ನಿಂತಿದ್ದ ಅವಳ ಅಪ್ಪ, ಮೇಸ್ತ್ರಿ, "ದಾರ ಎಳಿ," ಎಂದರು.

"ಯಾವ ದಾರ?"

"ಬಿಳಿ ಗುಂಡಿ ಇರೋದು."

ಮಗಳು ಹಿಂದಕ್ಕೆ ಸರಿದು ನೋಡಿದಳು. ಕಪಾಟಿನ ಅಂಚಿನಲ್ಲಿ ಏಳೆಂಟು ದಾರ ಇಳಿಬಿದ್ದಿದ್ದವು. ಒಂದೊಂದರ ತುದಿಗೂ ಒಂದೊಂದು ಗುಂಡಿ, ಎಲ್ಲವೂ ಮೇಸ್ತ್ರಿಯ ಹಳೆಯ ಅಂಗಿಗಳದ್ದು. ಬಿಳಿ ಗುಂಡಿ ಹಿಡಿದು ಎಳೆದರೆ ಕತ್ತಲೊಳಗೆ ಏನೋ ಕರಕರ ಸದ್ದು ಮಾಡುತ್ತ ಬಂತು. ಸಕ್ಕರೆ ಡಬ್ಬಿ. ಅದರ ಕುತ್ತಿಗೆಗೆ ದಾರ ಬಿಗಿದಿತ್ತು. ಮಗಳು ಡಬ್ಬಿಯನ್ನು ನೋಡಿದಳು, ದಾರವನ್ನು ನೋಡಿದಳು, ನೆಲದ ಮೇಲೆ ಕೂತು ಅಳಲು ಶುರುಮಾಡಿದಳು. ಬೆಳಿಗ್ಗೆಯಿಂದ ಅತ್ತಿರಲಿಲ್ಲ, ಡಬ್ಬಿ ನೋಡಿ ಅತ್ತಳು.

ಅವಳು ಮದುವೆಯಾಗಿ ಹೋದ ಮೇಲೆ ಬಂದ ಏರ್ಪಾಡು ಅದು. ಎರಡು ಗೋಡೆ ಕೂಡುವ ಆ ಮೂಲೆಯ ಕಪಾಟಿಗೆ ಬಾಗಿಲು ಒಂದೇ ಅಡಿ, ಒಳಗೆ ಮಾತ್ರ ಮೂರಡಿ ಕತ್ತಲು. ಹಿಂದಕ್ಕೆ ಸರಿದದ್ದು ಕೈಗೆ ಸಿಗುವ ಮಾತೇ ಇಲ್ಲ. ಮೇಸ್ತ್ರಿಯ ಹೆಂಡತಿ ಅದನ್ನು ಬಾವಿ ಎನ್ನುತ್ತಿದ್ದಳು. "ಬಾವಿ ಅಂದ ಮೇಲೆ ಹಗ್ಗ ಬೇಡ್ವಾ?" ಎಂದು ತಾನೇ ದಾರ ಕಟ್ಟಿಕೊಂಡಳು. ಬಿಳಿ ಗುಂಡಿ ಸಕ್ಕರೆ, ಕಂದು ಗುಂಡಿ ಬೇಳೆ, ಎರಡು ತೂತಿನ ನೀಲಿ ಗುಂಡಿ ಹಿಟ್ಟು.

ಮೇಸ್ತ್ರಿ ಮೂವತ್ತೆಂಟು ವರ್ಷ ಮಾಡಿದ್ದು ಊರವರ ಅಡುಗೆಮನೆಗಳನ್ನೇ. ಬಡಗಿಗಳು ಬೇಕಾದಷ್ಟು ಜನ ಇದ್ದರು. ಸೊಟ್ಟ ಗೋಡೆ, ಅಡ್ಡ ಬಂದ ಪೈಪು, ಕಿಟಕಿಗೆ ತಾಗುವ ಬಾಗಿಲು ಇರುವ ಅಡುಗೆಮನೆ ಎಂದರೆ ಮಾತ್ರ ಜನ ಇವರನ್ನು ಹುಡುಕಿಕೊಂಡು ಬರುತ್ತಿದ್ದರು. ತಮ್ಮ ಮನೆಯ ಕೆಲಸ ಮಾತ್ರ ನಾಳೆ ನಾಳೆ ಎನ್ನುತ್ತಲೇ ಉಳಿಯಿತು. ಈ ವರ್ಷ ಕೆಲಸ ಬಿಟ್ಟ ಮೇಲೆ ಕೊನೆಗೂ ಪ್ಲಾನ್ ಹಾಕಿದರು. ಅದೀಗ ಅಡುಗೆಮನೆಯ ಗೋಡೆಯ ಮೇಲೆ, ನಾಲ್ಕು ಮೊಳೆ ಹೊಡೆಸಿಕೊಂಡು ಕೂತಿತ್ತು. ಹಲಗೆಗಳು ಸೋಮವಾರ ಬರುವುದಿತ್ತು. ಹೆಂಡತಿ ಗುರುವಾರ ಮಧ್ಯಾಹ್ನ ಊಟ ಮುಗಿಸಿ ಮಲಗಿದವಳು ಏಳಲಿಲ್ಲ.

"ನೋಡೇ ಹೋದ್ಳು. ಪ್ಲಾನ್ ಪೂರ್ತಿ ನೋಡಿ, ಚೆನ್ನಾಗಿದೆ ಅಂತ ಹೇಳೇ ಹೋದ್ಳು," ಎಂದು ಮೇಸ್ತ್ರಿ ಬಂದವರಿಗೆಲ್ಲ ಹೇಳುತ್ತಿದ್ದರು. ಹಾಲಿನವನಿಗೂ ಹೇಳಿದ್ದರು. ಹಿಡಿದುಕೊಳ್ಳಲು ಅವರಿಗೆ ಇದ್ದದ್ದು ಅದೊಂದೇ.

*

ಪ್ಲಾನ್ ಹಾಕುವಾಗ ಊಟದ ಮೇಜಿನ ಮೇಲೆ ಹಾಳೆ ಹಾಸಿಕೊಂಡು ಇಪ್ಪತ್ತು ಸಂಜೆ ಕೂತಿದ್ದರು ಗಂಡ ಹೆಂಡತಿ ಇಬ್ಬರೂ. ಮೇಸ್ತ್ರಿಗೆ ಹುಮ್ಮಸ್ಸು ಉಕ್ಕಿ ಬಂದಿತ್ತು. ಬಾವಿಗೆ ಬಾಗಿಲು ತೆರೆದರೆ ತಾನೇ ಹೊರಗೆ ತಿರುಗಿ ಬರುವ ಎರಡು ತಟ್ಟೆ. ಆಚೆ ಮೂಲೆಯಲ್ಲಿ ನೀರಿನ ಪೈಪು ಬಳಸಿ ಹೋಗುವ ಹಾಗೆ ಕಚ್ಚು ತೆಗೆದ ಡ್ರಾಯರು. ಒಲೆಯ ಪಕ್ಕದ ಆರಿಂಚು ಸಂದಿಯಲ್ಲಿ ಎಣ್ಣೆ ಬಾಟಲಿಗೆ ಉದ್ದನೆಯ ಎಳೆಪೆಟ್ಟಿಗೆ.

"ಗೋಡೆ ಮೂಲೆ ನೆಟ್ಟಗಿಲ್ಲ ಕಣೇ, ಮುಕ್ಕಾಲು ಇಂಚು ತಪ್ಪಿದೆ. ಇದನ್ನ ಕಣ್ಣಿಗೆ ಕಾಣದ ಹಾಗೆ ಮುಚ್ಚೋದಿದೆಯಲ್ಲ, ಅದು ಕೆಲಸ."

"ದೊಡ್ಡ ಪಾತ್ರೆ ಎಲ್ಲಿಡ್ಲಿ?"

"ಇಲ್ಲಿ. ಬಗ್ಗೋದೇ ಬೇಡ."

ಅವಳು ಬೆರಳಿನಿಂದ ಹಾಳೆಯ ಮೇಲಿನ ಗೆರೆ ಸವರುತ್ತಿದ್ದಳು. "ರೀ, ಕಟ್ಟೆ ಎತ್ತರ ಎಷ್ಟಿಡ್ತೀರಾ?"

"ಈಗ ಇರೋದೇ. ಯಾಕೆ?"

ಅವಳು ಗೆರೆಯ ಮೇಲಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. "ಏನಿಲ್ಲ, ಕೇಳ್ದೆ."

"ಆಮೇಲೆ ನಿನ್ನ ಆ ದರಿದ್ರ ಮಣೆ ತೆಗೆದು ಬಿಸಾಕು. ದಿನಕ್ಕೆರಡು ಸಲ ಎಡವ್ತೀನಿ. ನೆಲಕ್ಕೆ ಮರ ಹಾಸ್ತೀನಿ, ಇನ್ನು ಥಂಡಿ ಅನ್ನೋ ಹಾಗಿಲ್ಲ."

ಕಟ್ಟೆಯ ಮುಂದೆ ಅವಳು ಒಂದು ಮಣೆ ಹಾಕಿಕೊಂಡು ನಿಲ್ಲುತ್ತಿದ್ದಳು. ಮೇಸ್ತ್ರಿಯ ಕೆಲಸದಲ್ಲಿ ಉಳಿದ ಪ್ಲೈವುಡ್ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಮೊಳೆ ಹೊಡೆದದ್ದು, ನೋಡಲು ಲಕ್ಷಣವಿಲ್ಲದ್ದು. ನೆಲ ತಣ್ಣಗಿರುತ್ತದೆ, ಪಾದ ಜೋಮು ಹಿಡಿಯುತ್ತದೆ ಎಂದು ಹೇಳಿದ್ದಳು. ಯಾವ ಕಾಲದಲ್ಲಿ ಹೇಳಿದ್ದಳೋ, ಮೇಸ್ತ್ರಿ ನಂಬಿಕೊಂಡು ಬಂದಿದ್ದರು.

"ಇರ್ಲಿ ಬಿಡಿ," ಎಂದಳು. "ಅದೊಂದು ಇರ್ಲಿ."

*

ಹತ್ತು ಗಂಟೆಗೆ ಟೀಚರ್ ಬಂದರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಊರಿಗೆಲ್ಲ ಟೀಚರ್ರೇ. ಇಪ್ಪತ್ತು ವರ್ಷದ ಹಿಂದೆ ಅವರ ಅಡುಗೆಮನೆ ಮಾಡಿಕೊಟ್ಟದ್ದು ಮೇಸ್ತ್ರಿ. ನಡುಮನೆಯಲ್ಲಿ ಸ್ವಲ್ಪ ಹೊತ್ತು ನಿಂತು, ಕಣ್ಣೊರೆಸಿಕೊಂಡು, ಲೋಟ ಇಡಲು ಅಡುಗೆಮನೆಗೆ ಬಂದರು. ಅಲ್ಲಿ ಮೇಸ್ತ್ರಿಯ ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ, ಲೋಟಗಳಿಗೆ ಟೀ ಸುರಿಯುತ್ತಿದ್ದರು.

"ಇದೇನಾ ಪ್ಲಾನು?" ಎಂದರು ಟೀಚರ್.

"ನೋಡೇ ಹೋದ್ಳು," ಎಂದರು ಮೇಸ್ತ್ರಿ.

"ಪುಣ್ಯವಂತೆ. ನಿಮ್ಮ ಕೈಯಿಂದ ಮಾಡಿಸ್ಕೊಂಡ ಮೇಲೆ ನಾನು ಬೆನ್ನುನೋವು ಅಂದಿದ್ದೇ ಇಲ್ಲ ನೋಡಿ. ಎಲ್ರಿಗೂ ಹೇಳ್ತೀನಿ, ಆ ಮನುಷ್ಯ ಮೊದಲು ಗೋಡೆ ಅಳೆಯಲ್ಲ, ಅಡುಗೆ ಮಾಡೋರ ಮೊಣಕೈ ಅಳೀತಾರೆ ಅಂತ."

ಅದು ನಿಜವೇ. ಮೇಸ್ತ್ರಿ ಯಾರ ಮನೆಗೆ ಹೋದರೂ ಮೊದಲು ಮನೆಯಾಕೆಯನ್ನು ನೆಟ್ಟಗೆ ನಿಲ್ಲಿಸಿ, ಕೈ ಮಡಚಲು ಹೇಳಿ, ಹಿಮ್ಮಡಿಯಿಂದ ಮೊಣಕೈವರೆಗೆ ಟೇಪು ಹಿಡಿಯುತ್ತಿದ್ದರು. ಅದರಲ್ಲಿ ಐದಿಂಚು ಕಳೆದರೆ ಕಟ್ಟೆಯ ಎತ್ತರ. ಅಳತೆಯನ್ನು ಗಟ್ಟಿಯಾಗಿ ಹೇಳುತ್ತಿದ್ದರು, ಮನೆಯವರು ಯಾರಾದರೂ ಬರೆದುಕೊಳ್ಳುತ್ತಿದ್ದರು. ಬೇರೆ ಬಡಗಿಗಳು ನಗುತ್ತಿದ್ದರು. ನಕ್ಕವರ ಮನೆಯ ಹೆಂಗಸರೇ ಆಮೇಲೆ ಇವರನ್ನು ಕರೆಸಿದ್ದೂ ಉಂಟು.

ಟೀಚರ್ ಕನ್ನಡಕ ಮೂಗಿನ ಮೇಲೆ ಇಳಿಸಿ ಹಾಳೆಗೆ ಮುಖ ತಂದರು. ಜನ್ಮಕ್ಕಂಟಿದ ಅಭ್ಯಾಸ, ಯಾವ ಹಾಳೆ ಕಂಡರೂ ತಪ್ಪು ಹುಡುಕುವುದು.

"ಕಟ್ಟೆ ಮೂವತ್ತೇಳು ಇಂಚಾ? ಮೂವತ್ತೊಂದು ಅಂತ ಇರ್ಬೇಕೇನೋ. ನನಗೇ ನೀವು ಮೂವತ್ಮೂರು ಇಟ್ಟಿದ್ರಿ. ನಿಮ್ಮ ಮನೆಯವರು ನನ್ನ ಕಿವಿ ಮಟ್ಟಕ್ಕೆ ಬರ್ತಿದ್ರು."

ಮೇಸ್ತ್ರಿ ಹಾಳೆಯ ಹತ್ತಿರ ಬಂದು ಆ ಸಂಖ್ಯೆಯ ಮೇಲೆ ಬೆರಳಿಟ್ಟರು. ಟೀಚರ್ ಅವರ ಮುಖ ನೋಡಿ ನಾಲಿಗೆ ಕಚ್ಚಿಕೊಂಡು, ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಹೊರಗೆ ಹೋದರು.

"ಅದು ನಿಮ್ಮಮ್ಮನ ಅಳತೆ," ಎಂದರು ಅತ್ತಿಗೆ, ಟೀ ಸುರಿಯುವುದನ್ನು ನಿಲ್ಲಿಸದೆ.

ಮೇಸ್ತ್ರಿಯ ತಾಯಿ ಎತ್ತರದ ಹೆಂಗಸು, ಬಾಗಿಲಲ್ಲಿ ತಲೆ ತಗ್ಗಿಸಿ ಬರುವಂಥವರು. ಮೇಸ್ತ್ರಿ ಕೆಲಸ ಕಲಿತು ಮೊದಲು ಕಟ್ಟಿದ್ದು ಈ ಕಟ್ಟೆ, ತಾಯಿಗಾಗಿ. ಮೊಣಕೈ ಅಳೆಯುವ ಉಪಾಯ ಹೊಳೆದದ್ದೂ ಆಗಲೇ. ನಲವತ್ತೆರಡರಲ್ಲಿ ಐದು ಕಳೆದು ಮೂವತ್ತೇಳು. ಆ ಸಂಖ್ಯೆ ಅವರಿಗೆ ತಮ್ಮ ಹೆಸರಿನಷ್ಟೇ ಬಾಯಿಪಾಠವಾಗಿತ್ತು. ತಮ್ಮ ಮನೆಯ ಕಟ್ಟೆ ಎಂದರೆ ಮೂವತ್ತೇಳು. ಅದನ್ನು ಮತ್ತೆ ಅಳೆಯುವುದು ಏನಿದೆ?

"ಅವಳು ಒಂದು ಮಾತು ಹೇಳ್ಲಿಲ್ಲ ಅತ್ತಿಗೆ."

"ಹೇಳಿದ್ಳು. ಮದುವೆಯಾದ ಹೊಸದ್ರಲ್ಲಿ ನಿಮ್ಮಮ್ಮನ ಹತ್ರ. ನನ್ನ ಮಗ ಮೊದಲು ಕಟ್ಟಿದ್ದು ಇದು, ಯಾರೂ ಮುಟ್ಟೋ ಹಾಗಿಲ್ಲ ಅಂದ್ರಂತೆ. ಆಮೇಲೆ ಅವರು ತೀರ್ಕೊಂಡ್ರಲ್ಲ, ಅವತ್ತು ನೀವು ಈ ಕಟ್ಟೆಗೆ ತಲೆ ಇಟ್ಟು ಅತ್ರಂತೆ. ಅದನ್ನ ನೋಡಿದ ಮೇಲೆ ಇಳಿಸಿ ಅಂತ ಯಾವ ಬಾಯಲ್ಲಿ ಹೇಳ್ಲಿ ಅಕ್ಕಾ ಅಂದ್ಳು."

"ಆ ಮಣೆ..."

"ಮಣೆ ಮೇಲೆ ನಿಂತ್ಕೊಂಡೇ ಸಂಸಾರ ಮಾಡಿದ್ಳು. ಒಲೆಯಿಂದ ಸಿಂಕಿಗೆ ಹೋಗೋವಾಗ ಕಾಲಲ್ಲೇ ತಳ್ಕೊಂಡು ಹೋಗ್ತಿದ್ಳು. ಮರೆತು ಇಳಿದ್ಳೋ, ಸಂಜೆಗೆ ಭುಜ ಎತ್ತೋಕಾಗ್ತಿರ್ಲಿಲ್ಲ. ಬಿಸಿನೀರಿನ ಚೀಲ ಇಟ್ಕೊಂಡು ಮಲಗೋದನ್ನ ನೀವೂ ನೋಡಿದೀರಿ."

ನೋಡಿದ್ದರು. ವಯಸ್ಸಾಯಿತು ಎಂದುಕೊಂಡಿದ್ದರು, ಮೂವತ್ತು ವರ್ಷದಿಂದಲೂ.

"ಕೇಳಿದ್ರೆ ಒಂದೇ ದಿನದಲ್ಲಿ ಇಳಿಸ್ತಿದ್ದೆ," ಎಂದರು.

ಅತ್ತಿಗೆ ಮೊದಲ ಸಲ ತಲೆಯೆತ್ತಿದರು. "ಈ ಸಲ ಕೇಳ್ತೀನಿ ಅಂದಿದ್ಳು. ಪ್ಲಾನ್ ಹಾಕೋವಾಗ ಅವರೇ ಅಳೀತಾರೆ, ಅಳೀದೆ ಇದ್ರೆ ಕೇಳೇ ಕೇಳ್ತೀನಿ ಅಂದಿದ್ಳು. ಕೇಳ್ಲಿಲ್ವಾ?"

ಮೇಸ್ತ್ರಿ ಬೆಳಿಗ್ಗೆಯಿಂದ ಹಿಡಿದುಕೊಂಡಿದ್ದ ಆ ಒಂದು ಮಾತೂ ಕೈಯಿಂದ ಜಾರಿ ಹೋಗಿತ್ತು. ಅವಳು ಪ್ಲಾನ್ ಪೂರ್ತಿ ನೋಡಿಯೇ ಹೋಗಿದ್ದಳು. ಇನ್ನು ಬದುಕಿರುವಷ್ಟು ದಿನವೂ ಮಣೆಯೇ ಗತಿ ಎಂದು ಅದರಲ್ಲಿ ಓದಿಕೊಂಡಿದ್ದಳು. ಚೆನ್ನಾಗಿದೆ ಎಂದಿದ್ದಳು.

*

ಗಾಡಿ ಬಂತು. ಎತ್ತಲು ನಾಲ್ಕು ಜನ ಸಿದ್ಧರಾದರು. ಯಾರೋ ಬಾಗಿಲಿನ ಎರಡೂ ರೆಕ್ಕೆ ತೆರೆದರು, ಯಾರೋ ಹೊಸ್ತಿಲ ಬಳಿಯ ಚಪ್ಪಲಿಗಳನ್ನು ಪಕ್ಕಕ್ಕೆ ಸರಿಸಿದರು.

"ಸ್ವಲ್ಪ ತಡೀರಿ," ಎಂದರು ಮೇಸ್ತ್ರಿ.

ಕೊನೆಯ ಸಲ ಮುಖ ನೋಡಲಿ ಎಂದು ಎಲ್ಲರೂ ಹಿಂದೆ ಸರಿದರು. ಮೇಸ್ತ್ರಿ ಮುಖದ ಕಡೆ ಹೋಗಲಿಲ್ಲ. ಕಾಲಿನ ಬಳಿ ಕುಕ್ಕರಗಾಲಿನಲ್ಲಿ ಕೂತರು, ಅಂಗಿಯ ಜೇಬಿನಿಂದ ಟೇಪು ತೆಗೆದರು. ಬೆಳಿಗ್ಗೆ ಬಟ್ಟೆ ಬದಲಾಯಿಸಿದ್ದರೂ ಟೇಪು ಜೇಬಿಗೆ ಬಂದಿತ್ತು. ಅದಿಲ್ಲದೆ ಮನೆಯಿಂದ ಹೊರಟವರೇ ಅಲ್ಲ. ತುದಿಯನ್ನು ಹಿಮ್ಮಡಿಗೆ ಒತ್ತಿ ಹಿಡಿದು, ಹೊದಿಕೆಯ ಪಕ್ಕದಿಂದ ಎಳೆದುಕೊಂಡು ಹೋದರು. ಎದೆಯ ಮೇಲೆ ಮಡಚಿಟ್ಟಿದ್ದ ಕೈ ತಣ್ಣಗಿತ್ತು. ಮೊಣಕೈಯ ಮೂಳೆಗೆ ಹೆಬ್ಬೆರಳು ಇಟ್ಟು ಬಗ್ಗಿ ನೋಡಿದರು.

"ಅಪ್ಪ," ಎಂದಳು ಮಗಳು. "ಅಪ್ಪ, ಏನ್ ಮಾಡ್ತಾ ಇದೀಯ?"

"ಮೂವತ್ತಾರು," ಎಂದರು ಮೇಸ್ತ್ರಿ ಗಟ್ಟಿಯಾಗಿ. ಇನ್ನೊಮ್ಮೆ, "ಮೂವತ್ತಾರು." ತಲೆಯೆತ್ತಿ ಸುತ್ತಲೂ ನೋಡಿದರು, ಯಾರಾದರೂ ಬರೆದುಕೊಳ್ಳುತ್ತಾರೇನೋ ಎಂದು.

ಸುತ್ತ ನಿಂತವರು, ಪಾಪ, ತಲೆ ಕೆಟ್ಟಿದೆ ಎಂದುಕೊಂಡರು. ಅತ್ತಿಗೆ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

*

ಮಧ್ಯಾಹ್ನ ಎಲ್ಲ ಮುಗಿಸಿಕೊಂಡು ಬಂದ ಮೇಲೆ ಮೇಸ್ತ್ರಿ ಯಾರ ಹತ್ತಿರವೂ ಕೂರದೆ ನೇರ ಅಡುಗೆಮನೆಗೆ ಹೋದರು. ಮಣೆ ಸಿಂಕಿನ ಮುಂದೆ ಇತ್ತು, ಗುರುವಾರ ಅವಳು ಕಾಲಲ್ಲಿ ತಳ್ಳಿ ನಿಲ್ಲಿಸಿದ್ದಲ್ಲೇ. ಎತ್ತಿ ಕಟ್ಟೆಯ ಮೇಲಿಟ್ಟು ನೋಡಿದರು. ಮುಕ್ಕಾಲಿಂಚಿನ ಚೂರುಗಳು, ಒಟ್ಟು ಎಂಟು. ಕೆಳಗಿನವು ಹಳೆಯವು, ಮೇಲಿನ ಎರಡು ಸ್ವಲ್ಪ ಹೊಸವು. ಒಂದು ಇಟ್ಟು ನೋಡಿ, ಸಾಲದೆ ಇನ್ನೊಂದು ಇಟ್ಟು, ಹೀಗೆ ಸಾಕು ಅನ್ನಿಸುವವರೆಗೆ ಏರಿಸಿಕೊಂಡಿದ್ದಳು. ಟೇಪು ಹಿಡಿದರು. ಸರಿಯಾಗಿ ಆರಿಂಚು. ಮೂವತ್ತಾರರಲ್ಲಿ ಐದು ಹೋದರೆ ಮೂವತ್ತೊಂದು; ಮೂವತ್ತೇಳಕ್ಕೆ ಕಮ್ಮಿ ಬೀಳುವುದು ಆರು. ಟೇಪು ಇಲ್ಲದೆ, ಮೇಸ್ತ್ರಿ ಇಲ್ಲದೆ, ಬರೀ ಭುಜದ ನೋವಿನಲ್ಲಿ ಅವಳು ಲೆಕ್ಕ ಹಿಡಿದಿದ್ದಳು.

ಮಣೆಯನ್ನು ಕೆಳಗಿಟ್ಟು ಗೋಡೆಯ ಕಡೆ ಸರಿಸಿದರು. ಸಿಂಕಿನ ಮುಂದೆ ಬರಿನೆಲದ ಮೇಲೆ ನಿಂತು ಮೊಣಕಾಲು ಬಗ್ಗಿಸಿದರು. ತಾಯಿಯ ಎತ್ತರವೇ ಅವರಿಗೂ ಬಂದಿತ್ತು, ಬಹಳ ಬಗ್ಗಬೇಕಾಯಿತು. ಮೊಣಕೈ ಅವಳ ಮೂವತ್ತಾರಕ್ಕೆ, ಕಟ್ಟೆಯ ಅಂಚಿಗಿಂತ ಒಂದಿಂಚು ಕೆಳಗೆ, ಇಳಿದ ಮೇಲೆ ನಿಂತರು. ಅಲ್ಲಿಂದ ಮೇಲಿನ ಕಪಾಟಿನ ಹಿಡಿ ದೂರ ಕಾಣುತ್ತಿತ್ತು. ಕಿಟಕಿಯಲ್ಲಿ ಬೀದಿ ಕಾಣಿಸಲಿಲ್ಲ, ಎದುರು ಮನೆಯ ಮಾಡು ಮಾತ್ರ ಕಂಡಿತು. ಸಿಂಕಿಗೆ ಕೈ ಹಾಕಬೇಕಾದರೆ ಎರಡೂ ಭುಜ ಕಿವಿಯವರೆಗೆ ಏರಬೇಕಾಗಿತ್ತು.

"ಅಪ್ಪ, ಜಾಗ ಬಿಡು, ಲೋಟ ತೊಳೀಬೇಕು," ಎಂದಳು ಬಾಗಿಲಲ್ಲಿ ಬಂದ ಮಗಳು.

"ನಾನು ತೊಳೀತೀನಿ."

"ಹಂಗ್ಯಾಕೆ ನಿಂತಿದೀಯ? ನೆಟ್ಟಗೆ ನಿಂತ್ಕೋ."

ಮೇಸ್ತ್ರಿ ಏಳಲಿಲ್ಲ. ನಲ್ಲಿ ತಿರುಗಿಸಿ ಒಂದು ಲೋಟ ತೊಳೆದು ಕವುಚಿ ಹಾಕಿದರು. ನೀರು ಅಂಗೈಯಿಂದ ಹಿಂದಕ್ಕೆ ಹರಿದು ತೋಳಿನೊಳಗೆ ಇಳಿಯಿತು. ಇನ್ನೊಂದು ತೊಳೆದರು. ನಾಲ್ಕನೆಯ ಲೋಟಕ್ಕೆ ಮೊಣಕಾಲು ನಡುಗತೊಡಗಿತು, ಭುಜದಲ್ಲಿ ಸಣ್ಣಗೆ ನೋವು ಹೊತ್ತಿಕೊಂಡಿತು. ಸಿಂಕಿನಲ್ಲಿ ಇನ್ನೂ ಹದಿನಾರು ಲೋಟ ಇದ್ದವು.