ಎದ್ದು ನಿಲ್ಲದ ಸಿಸ್ಟರ್

ದಾನೇಶ್ವರಿ ಐದು ವರ್ಷದಿಂದ ಮುಂಬೈಯ ದಾದರಿನ ಒಂದು ಡಯಾಲಿಸಿಸ್ ಸೆಂಟರಿನಲ್ಲಿ ನರ್ಸ್ ಆಗಿ ದುಡಿಯುತ್ತಿದ್ದಳು. ನರ್ಸುಗಳನ್ನು ಅಮೆರಿಕಕ್ಕೆ ಕಳಿಸುವ ಬಾಂದ್ರಾದ ಏಜೆಂಟ್ ಮನೀಶನ ಆಫೀಸಿನಲ್ಲಿ ಆಕೆಯ ಅರ್ಜಿಯಿಂದ ಆ ಐದು ವರ್ಷಗಳನ್ನು ಅಳಿಸಿ ಹಾಕಿದರು. ಅದರ ಜಾಗದಲ್ಲಿ, ಆಕೆ ಎಂದೂ ಕಾಲಿಡದ ದೊಡ್ಡ ಆಸ್ಪತ್ರೆಯೊಂದರ ಐಸಿಯುನಲ್ಲಿ ಕೆಲಸ ಮಾಡಿದ್ದಾಳೆಂದು ಬರೆದರು. ಆಕೆಯ ಮೂಲ ಸರ್ಟಿಫಿಕೇಟುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡರು.

ಅಂದು ಸಂಜೆ ಕುರ್ಲಾದ ವಠಾರದಂಥ ಚಾಳಿನಲ್ಲಿ ಆಕೆಯ ತಾಯಿ ಹನುಮವ್ವ ನೆರೆಹೊರೆಗೆಲ್ಲ ಶೇಂಗಾ ಹೋಳಿಗೆ ಹಂಚಿದಳು. ಮಗಳು ಅಮೆರಿಕಕ್ಕೆ ಹೊರಟಳಲ್ಲ!

"ಅಪ್ಪಾ, ಆ ಮನೀಶ ನನ್ನ ಬಗ್ಗೆ ಸುಳ್ಳ ಬರದಾನ," ಎಂದಳು ದಾನೇಶ್ವರಿ.

ಗದಿಗೆಪ್ಪ ಹೋಳಿಗೆ ಮುರಿಯುತ್ತಿದ್ದ. "ಅದು ಸುಳ್ಳಲ್ಲ, ಯವ್ವಾ. ಚೂರು ಬಣ್ಣ ಹಚ್ಚೂದು. ಅಂವ ನಮ್ಮ ಭಾಷಾದಾಂವ. ನಮಗ್ಯಾಕ ಮೋಸ ಮಾಡ್ತಾನ? ಈ ಮುಂಬೈಯಾಗ ನನ್ನ ಕುರ್ಚಿ ಮ್ಯಾಲ ಕುಂದ್ರಿಸಿ 'ಮಾವಾ, ಚಹಾ ಕುಡೀರಿ' ಅಂದಾಂವ ಬ್ಯಾರೆ ಯಾರದಾರ?"

ನಮ್ಮವರು ಜಾರುವುದು ಇಲ್ಲಿಯೇ. ಊರು ಬಿಟ್ಟು ಬಂದವರಿಗೆ ತಮ್ಮ ಮಾತು ಕಿವಿಗೆ ಬಿದ್ದರೆ ಸಾಕು, ಎದೆಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಮನೀಶನಿಗೆ ಅದು ಚೆನ್ನಾಗಿ ಗೊತ್ತಿತ್ತು. ಬಾಂದ್ರಾದಲ್ಲಿ ಬೆಳೆದ ಅವನ ಕನ್ನಡ ಅರ್ಧಕ್ಕರ್ಧ ಹಿಂದಿ. "ಮಾವಾ" ಎನ್ನುವ ಒಂದು ಪದವನ್ನು ಮಾತ್ರ ಅವನು ಜೇನಿನಲ್ಲಿ ಅದ್ದಿ ಇಟ್ಟುಕೊಂಡಿದ್ದ.

ಮರುದಿನ ಸೆಂಟರಿನಲ್ಲಿ ದಾನೇಶ್ವರಿ ಕೆಲಸಕ್ಕೆ ನಿಂತಳು. ಮುಂದಿನ ಮಂಚದ ಮೇಲೆ ಉಡುಪಿಯ ಕಡೆಯ ಒಬ್ಬ ಮುದುಕಿ. ಗ್ರಾಂಟ್ ರೋಡಿನಲ್ಲಿ ಅವರ ಮಗನ ಹೋಟೆಲಿದೆ. ಮಗಳು ವಾರಿಜಾ ಅಮೆರಿಕದ ಆಸ್ಪತ್ರೆಯಲ್ಲಿ ನರ್ಸ್. ಹೊಸ ನರ್ಸುಗಳನ್ನು ಆರಿಸುವ ಸಂದರ್ಶನದಲ್ಲಿ ಕೂರುವವಳು. ತಾಯಿಯನ್ನು ನೋಡಿಕೊಳ್ಳಲು ರಜೆ ಹಾಕಿ ಬಂದಿದ್ದಳು.

ಸೂಜಿ ಚುಚ್ಚುವ ಮೊದಲು ದಾನೇಶ್ವರಿ ಮುದುಕಿಯ ತೋಳಿನ ಮೇಲೆ ಅಂಗೈ ಇಟ್ಟಳು. ಒಳಗೆ ರಕ್ತ ಹರಿಯುವ ಸಣ್ಣ ಅದುರು ಕೈಗೆ ಹತ್ತಬೇಕು, ಹತ್ತಿದರೆ ಸರಿ. ಕೈ ತನ್ನ ಕೆಲಸ ಮಾಡುತ್ತಿತ್ತು. ಬಾಯಿ ಮಾತ್ರ ಏನನ್ನೋ ಗೊಣಗುತ್ತಿತ್ತು.

"ಎಂತ ಮಾರಾಯ್ತಿ, ನನ್ನ ಅಮ್ಮನಿಗೆ ಮಂತ್ರ ಹಾಕ್ತಾ ಇದ್ದೀಯಾ?" ಎಂದಳು ವಾರಿಜಾ.

"ಇಲ್ರಿ ಅಕ್ಕಾ, ಗುರುವಾರ ಅಮೆರಿಕಾದವರು ವಿಡಿಯೋದಾಗ ಇಂಟರ್‌ವ್ಯೂ ಮಾಡ್ತಾರ. ಉತ್ತರ ಬಾಯಿಪಾಠ ಮಾಡಾಕತ್ತೀನಿ."

"ಯಾವ ಪ್ರಶ್ನೆಗೆ?"

"ಡಾಕ್ಟರ್ ಹೇಳಿದ್ದು ತಪ್ಪು ಅನ್ನಿಸಿದಾಗ ನೀವೇನು ಮಾಡಿದ್ರಿ ಅಂತ ಕೇಳ್ತಾರಂತ. ನನಗ ಎಂದೂ ಹಂಗ ಅನ್ನಿಸಿಲ್ಲ, ಡಾಕ್ಟರ್ ಹೇಳಿದಂಗ ಮಾಡ್ತೀನಿ ಅನಬೇಕಂತ. ಏಜೆಂಟ ಕಲಿಸ್ಯಾನ."

ಆಗಲೇ ಡಾಕ್ಟರು ಒಳಗೆ ಬಂದರು. ದಾನೇಶ್ವರಿ ಸ್ಟೂಲಿನಿಂದ ಚಟ್ಟನೆ ಎದ್ದು ನಿಂತಳು. ಊಟದ ಡಬ್ಬಿ ಬಿಚ್ಚಿ ಕೂತಿದ್ದ ಇನ್ನೊಬ್ಬ ಸಿಸ್ಟರೂ ಬಾಯೊಳಗಿನ ತುತ್ತಿನೊಂದಿಗೆ ಎದ್ದು ನಿಂತಳು. ಇದು ಇಲ್ಲಿನ ರೂಢಿ. ಊರಿನವರ ಬೆನ್ನುನೋವಿಗೆ ಮದ್ದು ಕೊಡುವ ಕಟ್ಟಡಗಳಲ್ಲಿ ನರ್ಸುಗಳ ಬೆನ್ನು ಮಾತ್ರ ಬಾಗಿಯೇ ಇರಬೇಕು. ಡಾಕ್ಟರು ಯಾರನ್ನೂ ನೋಡದೆ ಹಾದುಹೋದರು.

ವಾರಿಜಾ ನಗಲಿಲ್ಲ. "ಆ ಉತ್ತರ ಕೊಟ್ಟವರನ್ನು ನಾನೇ ಬೇಡ ಅಂದದ್ದುಂಟು, ಗೊತ್ತುಂಟಾ?"

"ಅಯ್ಯ, ಯಾಕ್ರಿ?"

"ಡಾಕ್ಟ್ರೂ ಮನುಷ್ಯರೇ ಅಲ್ವಾ? ಅವರು ತಪ್ಪಿದರೆ ರೋಗಿಗೂ ಸಾವಿಗೂ ನಡುವೆ ಇರುವುದು ಯಾರು? ನೀನು. 'ಸ್ವಲ್ಪ ನಿಲ್ಲಿ, ಇದು ಸರಿ ಕಾಣ್ತಾ ಇಲ್ಲ' ಅನ್ನುವ ನರ್ಸ್ ಬೇಕು ನಮಗೆ. ಆ ಪ್ರಶ್ನೆ ಕೇಳುವುದೇ ಅದಕ್ಕೆ. ಎಂದೂ ಅನ್ನಿಸಿಲ್ಲ ಅಂದ್ರೆ ಕಣ್ಣು ಮುಚ್ಚಿ ಕೆಲಸ ಮಾಡಿದ್ದಾಳೆ ಅಂತ ಅರ್ಥ."

ದಾನೇಶ್ವರಿ ಡಾಕ್ಟರು ಹೋದ ಕಡೆ ಒಮ್ಮೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ಒಮ್ಮೆ ಹಂಗ ಮಾಡೀನ್ರಿ. ಮಾಡಿ ಬೈಸಿಕೊಂಡೀನಿ."

ನಡೆದದ್ದು ಇಷ್ಟು. ದೂಜ ಎಂಬ ಹೋಟೆಲ್ ಕೆಲಸಗಾರ ಡಯಾಲಿಸಿಸ್‌ಗೆ ಬಂದಿದ್ದ. ತೂಕ ಹೆಚ್ಚಿದೆ, ಅಂದರೆ ಮೈಯಲ್ಲಿ ನೀರು ಹೆಚ್ಚಾಗಿದೆ ಎಂದು ತೂಕದ ಮಷಿನ್ ತೋರಿಸುತ್ತಿತ್ತು. ಆದರೆ ಅವನ ಕಣ್ಣು ಗುಳಿಬಿದ್ದಿತ್ತು, ಬಿಪಿ ಕೆಳಗಿತ್ತು. ಕೇಳಿದರೆ, ಎರಡು ದಿನದಿಂದ ವಾಂತಿಭೇದಿ. ಡಾಕ್ಟರು ಫೋನಿನಲ್ಲಿ, ಯಾವಾಗಲೂ ತೆಗೆಯುವಷ್ಟು ನೀರು ತೆಗೆ ಎಂದರು. ದಾನೇಶ್ವರಿಗೆ ತೂಕದ ಮಷಿನ್ನಿನ ಮೇಲೇ ಅನುಮಾನ. ಬೇರೆ ಮಷಿನ್ನಿನಲ್ಲಿ ತೂಗಿಸಿದಳು. ತೂಕ ಇಳಿದಿತ್ತು. "ನೀವು ಬಂದು ನೋಡೂತನಕ ನೀರು ತಗಿಯೂದಿಲ್ರಿ ಸರ್," ಎಂದಳು. ಡಾಕ್ಟರು ಬಂದರು, ನೋಡಿದರು, ನೀರು ತೆಗೆದರೆ ಜೀವಕ್ಕೇ ಅಪಾಯ, ಬೇಡ ಎಂದರು. ಆಮೇಲೆ ಎಲ್ಲರ ಮುಂದೆ ಆಕೆಗೆ ಬೈದರು. ಮುಂದೆ ಬಂದ ಹಬ್ಬದ ರಜೆಯನ್ನೂ ಕಿತ್ತುಕೊಂಡರು.

"ದೂಜನಾ?" ಎಂದು ಮಂಚದ ಮೇಲಿಂದ ಮುದುಕಿ ತಲೆಯೆತ್ತಿದರು. "ಅವ ಈಗಲೂ ನಮ್ಮ ಹೋಟ್ಲಿಗೆ ಬಂದು ಉಪ್ಪಿನಕಾಯಿ ಕೇಳ್ತಾನೆ ಮಾರಾಯ್ತಿ. ಅವನನ್ನು ಉಳಿಸಿದ್ದು ನೀನಾ? ಹಾಗಾದ್ರೆ ಉಪ್ಪು ತಿನ್ನಬೇಡ ಅಂತ ಬೈಯುವುದೂ ನಿನ್ನ ಕೆಲಸವೇ."

ಮೂವರೂ ನಕ್ಕರು. ವಾರಿಜಾ ದಾನೇಶ್ವರಿಯ ಕೈ ಹಿಡಿದುಕೊಂಡಳು. "ನಿನ್ನ ಉತ್ತರ ಇದೇ. ನೀನು ಏನು ಕಂಡೆ, ಏನು ಯೋಚಿಸಿದೆ, ಏನು ಮಾಡಿದೆ, ರೋಗಿ ಏನಾದ. ಹೀಗೇ ಹೇಳು. ಇಂಗ್ಲಿಷ್ ಸಣ್ಣ ಸಣ್ಣ ವಾಕ್ಯ ಇದ್ರೂ ಸಾಕು, ಅವಸರ ಮಾಡಬೇಡ. ಗೊತ್ತಿಲ್ಲದ್ದು ಕೇಳಿದ್ರೆ ಗೊತ್ತಿಲ್ಲ ಅನ್ನು, ಯಾರನ್ನು ಕೇಳಿ ತಿಳ್ಕೊಳ್ತೇನೆ ಅಂತಲೂ ಹೇಳು. ಮಾತಿಗೊಂದು ಸರ್ ಸರ್ ಅನ್ನಬೇಡ."

"ಆದ್ರ ಅಕ್ಕಾ, ಈ ಕಥಿ ಹೇಳಾಕ ಬರೂದಿಲ್ಲ. ಏಜೆಂಟ ಮನೀಶ ನನ್ನ ಐಸಿಯು ನರ್ಸ್ ಅಂತ ಬರದಾನ. ನಮ್ಮಪ್ಪನೂ ಅದ ಸರಿ ಅಂತಾನ."

ವಾರಿಜಾಳ ಮುಖ ಬಿಗಿಯಿತು. "ನಿನ್ನ ಅಪ್ಪ ಯಾವಾಗ ಮನೆಯಲ್ಲಿರ್ತಾರೆ?"

ಭಾನುವಾರ ಬೆಳಿಗ್ಗೆ ವಾರಿಜಾ ಚಾಳಿನ ಮೆಟ್ಟಿಲು ಹತ್ತಿ ಬಂದಳು. ಹನುಮವ್ವ ಚಾಪೆ ಹಾಸಿ, ಚಹಾ ಇಟ್ಟಳು. ಗದಿಗೆಪ್ಪ ಗೋಡೆಗೊರಗಿ ಕೂತ. ಅವನು ಇನ್ನೊಬ್ಬರ ಮಾತಿಗೆ ಸುಲಭವಾಗಿ ಬಗ್ಗುವವನಲ್ಲ.

"ನೋಡ್ರಿ ಬಾಯಾರ," ಎಂದ. "ಸಣ್ಣ ಸೆಂಟರಿನ ನರ್ಸ್ ಅಂದ್ರ ಅಮೆರಿಕಾದಾಗ ಯಾರ ಕೇಳ್ತಾರ? ದೊಡ್ಡ ದವಾಖಾನಿ ಅಂದ್ರ ತೂಕ ಬರ್ತೈತಿ."

"ಡಯಾಲಿಸಿಸ್ ಬಲ್ಲ ನರ್ಸ್ ಅಲ್ಲಿಯೂ ಬೇಕು ಅಣ್ಣಾ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ರೇ ತೂಕ. ಅಲ್ಲಿಯವರು ಬಾಯಿಮಾತು ನಂಬಿ ಬಿಡುವುದಿಲ್ಲ. ಕಲಿತ ಕಾಲೇಜಿನಿಂದ, ನರ್ಸಿಂಗ್ ಕೌನ್ಸಿಲ್‌ನಿಂದ ದಾಖಲೆ ನೇರವಾಗಿ ತರಿಸ್ತಾರೆ. ಕೆಲಸ ಮಾಡಿದ ಜಾಗಕ್ಕೆ ಫೋನ್ ಮಾಡಿ ಕೇಳ್ತಾರೆ. ವೀಸಾಕ್ಕೆ ಸುಳ್ಳು ಹೇಳಿ ಸಿಕ್ಕಿಬಿದ್ರೆ ಆ ದೇಶದ ಬಾಗಿಲು ಜೀವಮಾನವಿಡೀ ಮುಚ್ಚಬಹುದು. ಆಗ ಮನೀಶ ಬರ್ತಾನಾ? ಅವನ ಹೆಸರು ಎಲ್ಲಿಯೂ ಇರುವುದಿಲ್ಲ. ಇರುವುದು ನಿಮ್ಮ ಮಗಳ ಹೆಸರು."

"ಅಂವ ಆರು ತಿಂಗಳದಾಗ ಕಳಸ್ತೀನಿ ಅಂದಾನ."

"ಹಾಗೆ ಯಾರಿಂದಲೂ ಹೇಳಲಿಕ್ಕೆ ಆಗುವುದಿಲ್ಲ. ಮೊದಲು ಅಲ್ಲಿಯ ನರ್ಸಿಂಗ್ ಪರೀಕ್ಷೆ ಪಾಸಾಗಬೇಕು, ಅದನ್ನು ಇಲ್ಲಿ ಭಾರತದಲ್ಲೇ ಬರೀಬಹುದು. ಇಂಗ್ಲಿಷ್ ಪರೀಕ್ಷೆ ಬೇರೆ. ಆಮೇಲೆ ವೀಸಾದ ಸಾಲು. ಕೆಲವು ಸಲ ವರ್ಷಗಟ್ಟಲೆ ಕಾಯಬೇಕು. ನಾನೂ ಕಾದವಳೇ."

ಗದಿಗೆಪ್ಪ ಚಹಾದ ಲೋಟಕ್ಕೆ ಕೈ ಚಾಚಿದ. ವಾರಿಜಾ ಅವನ ಒರಟು ಅಂಗೈ ನೋಡಿ ಕೇಳಿದಳು: "ನೀವು ಎಂತ ಕೆಲಸ ಮಾಡಿದ್ದು ಅಣ್ಣಾ?"

"ಸೆಂಟ್ರಿಂಗ್, ಸ್ಲ್ಯಾಬಿಗೆ ಹಲಗಿ, ಕಂಬ ಕಟ್ಟೂದು. ಈಗ ವಾಚ್‌ಮನ್."

"ಸ್ಲ್ಯಾಬಿನ ಆಸರೆ ಕಂಬ ಬೇಗ ತೆಗೆ ಅಂತ ಯಾರಾದ್ರೂ ಹೇಳಿದ್ದುಂಟಾ?"

ಗದಿಗೆಪ್ಪ ಉತ್ತರಿಸುವ ಮೊದಲೇ ಹನುಮವ್ವ ಒಲೆಯ ಕಡೆಯಿಂದ ಹೇಳಿದಳು: "ಹೇಳಿದ್ರು. ಇವರು ಒಲ್ಲೆ ಅಂದ್ರು. ಕಾಂಕ್ರೀಟ ಹಸಿ ಐತಿ, ಕೆಳಗ ಮಂದಿ ಮಲಗ್ತಾರ ಅಂತ. ಕಂತ್ರಾಟದಾರ ಅವತ್ತ ಇವರನ್ನ ಕೆಲಸದಿಂದ ತಗದ. ನಾವು ಆ ವಾರ ಬರೇ ಚಹಾ ಪಾವ್ ತಿಂದ್ವಿ."

"ಮತ್ತೆ ಮಗಳಿಗೆ ಬೇರೆ ಬುದ್ಧಿ ಯಾಕೆ ಹೇಳ್ತೀರಿ ಅಣ್ಣಾ?"

"ಯಾಕಂದ್ರ," ಎಂದ ಗದಿಗೆಪ್ಪ. ಚಹಾದ ಲೋಟ ಕೆಳಗಿಟ್ಟ. "ಯಾಕಂದ್ರ ಆಕಿ ಆ ಚಹಾ ಪಾವ್ ತಿನ್ನಬಾರದು ಅಂತ."

ಅಪ್ಪನನ್ನು ಯಾರೂ ಬೈಯಬೇಡಿ. ಮಕ್ಕಳಿಗೆ ಬಾಗುವುದನ್ನು ಕಲಿಸುವ ತಂದೆಯರು ಹೇಡಿಗಳಲ್ಲ. ನೆಟ್ಟಗೆ ನಿಂತಾಗ ಬಿದ್ದ ಏಟು ಅವರಿಗೆ ನೆನಪಿರುತ್ತದೆ. ಆ ನೆನಪಿನ ಮೇಲೇ ಮನೀಶನಂಥವರು ಅಂಗಡಿ ಹಾಕುತ್ತಾರೆ.

ಗದಿಗೆಪ್ಪ ಎದ್ದು ಗೂಟದ ಮೇಲಿನ ಟೋಪಿ ತೆಗೆದುಕೊಂಡು ಕೊಡವಿದ. "ಗುರುವಾರ ಮನೀಶನ ಆಫೀಸಿಗೆ ನಾನೂ ಬರ್ತೀನಿ," ಎಂದ. "ಮೊದಲಿಗೆ ನಿನ್ನ ಮೂಲ ಕಾಗದ ಇಸಗೊಳ್ಳೂನು."

"ಕೊಡದಿದ್ರೆ ಪೊಲೀಸ್ ಠಾಣೆಯಲ್ಲಿ ಬರೆದು ದೂರು ಕೊಡಿ," ಎಂದ ವಾರಿಜಾ ದಾನೇಶ್ವರಿಯ ಕಡೆ ತಿರುಗಿದಳು. "ಸರ್ಟಿಫಿಕೇಟು ನಿನ್ನದು. ಅವನದಲ್ಲ. ಈ ಇಂಟರ್‌ವ್ಯೂ ಹೋದ್ರೆ ಹೋಗಲಿ. ನಿನ್ನ ನಿಜದ ಕೆಲಸ ಬರೆದು ಅರ್ಜಿ ಹಾಕಲಿಕ್ಕೆ ನಾನು ಕಲಿಸ್ತೇನೆ."

ಗುರುವಾರ ಬಾಂದ್ರಾದ ಆಫೀಸು ತಣ್ಣಗಿತ್ತು. ಕಂಪ್ಯೂಟರಿನ ಮುಂದೆ ದಾನೇಶ್ವರಿಗಾಗಿ ಕುರ್ಚಿ ಇಟ್ಟಿದ್ದರು, ಆಕೆ ಕೂತಳು. ಗದಿಗೆಪ್ಪ ಬಾಗಿಲ ಬಳಿ ನಿಂತ.

"ಅರೇ ಮಾವಾ, ಬನ್ನಿ ಬನ್ನಿ! ಸಿಸ್ಟರ್, ಬೈಹಾರ್ಟ್ ಆಯ್ತಾ?" ಎಂದ ಮನೀಶ.

"ಇಲ್ರಿ. ನಾ ದಾದರದಾಗ ಮಾಡಿದ ಕೆಲಸಾನ ಹೇಳ್ತೀನಿ. ಆ ಐಸಿಯು ತಗೀರಿ."

ಮನೀಶ ನಕ್ಕ. "ಟೆನ್ಶನ್ ಯಾಕೆ? ಎಲ್ಲರೂ ಇದೇ ಹೇಳ್ತಾರೆ. ಛೋಟಾ ಸಾ ಸುಳ್ಳು, ಬಸ್."

"ಸುಳ್ಳ ಹೇಳೂದಿಲ್ಲ. ನನ್ನ ಮೂಲ ಕಾಗದ ಕೊಡ್ರಿ."

"ಅದು ಹೆಡ್ ಆಫೀಸಿಗೆ ಹೋಗಿದೆ."

"ಈ ಕಪಾಟಿನಾಗ ಇಟ್ಟದ್ದನ್ನ ನಾ ನೋಡೀನಿ," ಎಂದ ಗದಿಗೆಪ್ಪ. "ಚಾವಿ ನಿಮ್ಮ ಕಿಸೇದಾಗ ಐತಿ."

ಮನೀಶನ ಜೇನು ಅಲ್ಲಿಗೆ ಮುಗಿಯಿತು. "ಏ ಬುಡ್ಢಾ, ಚುಪ್!" ಎಂದ. ದಾನೇಶ್ವರಿಯ ಕಡೆ ತಿರುಗಿ ಬೆರಳು ಮೇಲೆತ್ತಿದ. "ಏಳು. ಎದ್ದು ಹೊರಗೆ ನಡಿ."

ಐದು ವರ್ಷದ ರೂಢಿ. ಆಕೆಯ ಕಾಲು ತಾನಾಗಿ ಏಳಲು ಹೊರಟಿತು. ಆಕೆ ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆಕೆ ಹಾಗೆ ಹಿಡಿದು ಕೂತಿರುವಾಗಲೇ, ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮಗೊಂದು ಮಾತು. ಹೊರದೇಶಕ್ಕೆ ಹೋಗಿ ದುಡಿಯಬೇಕೆನ್ನುವ ಆಸೆ ತಪ್ಪಲ್ಲ. ಹೋಗಿ. ಓದಿ, ಪರೀಕ್ಷೆ ಬರೆದು, ತಲೆಯೆತ್ತಿ ಹೋಗಿ. ಮೂಲ ಸರ್ಟಿಫಿಕೇಟನ್ನು ತೋರಿಸಿ, ವಾಪಸ್ ತೆಗೆದುಕೊಳ್ಳಿ. ಯಾರ ಕಪಾಟಿಗೂ ಕೊಡಬೇಡಿ. ಏಜೆಂಟ್ ಸರಕಾರದಲ್ಲಿ ನೋಂದಾಯಿಸಿದವನೇ ಎಂದು ವಿಚಾರಿಸಿ, ನಮ್ಮ ಭಾಷೆಯವನು ಎಂದು ಬಿಡಬೇಡಿ. ನಿಮ್ಮ ಆಸ್ಪತ್ರೆ ಸಣ್ಣದಿರಲಿ, ಅಲ್ಲಿ ನಿಮ್ಮ ಕೈ ಮಾಡಿದ ಕೆಲಸ ಸಣ್ಣದಲ್ಲ. ಅದನ್ನೇ ಬರೆಯಿರಿ, ಅದನ್ನೇ ಹೇಳಿ. ನಿಮ್ಮ ಬದುಕನ್ನು ಅಳಿಸಿ ಇನ್ನೊಂದನ್ನು ಬರೆದುಕೊಡುವವನು ನಿಮಗೆ ಕೆಲಸ ಕೊಡಿಸುತ್ತಿಲ್ಲ, ನಿಮ್ಮನ್ನು ಮಾರುತ್ತಿದ್ದಾನೆ. ಅವನಿಗೆ ಒಲ್ಲೆ ಎನ್ನಿ. ಹಾಗೆನ್ನಲು ಒಬ್ಬರೇ ಹೋಗಬೇಡಿ, ಮನೆಯವರನ್ನು ಕರೆದುಕೊಂಡು ಹೋಗಿ.

"ಏಳು ಅಂದೆ ಅಲ್ವಾ!" ಮನೀಶ ಮತ್ತೆ ಕೂಗಿದ.

ಗದಿಗೆಪ್ಪ ಬಾಗಿಲು ಬಿಟ್ಟು ಒಳಗೆ ಬಂದ. ಗೋಡೆಯ ಬದಿಯಲ್ಲಿದ್ದ ಒಂದು ಕುರ್ಚಿಯನ್ನು ಎಳೆದುಕೊಂಡು, ಯಾರೂ ಕೂರಿಸದೆ, ಮಗಳ ಪಕ್ಕ ಕೂತ.

"ಏಳೂದಿಲ್ಲ," ಎಂದಳು ದಾನೇಶ್ವರಿ. "ಕಪಾಟ ತಗೀರಿ."