ಒಂದು ಕ್ಯಾನು ಸಾಕು ಅಂದವರು

ಎನ್.ಆರ್. ಕಾಲೋನಿಯ ದೀಪ್ತಿಗೆ ಗಂಡನ ಜೊತೆ ವಾದ ಮಾಡಿ ಮಾಡಿ ಸಾಕಾಗಿ ಹೋಗಿತ್ತು. ಮನೆಯ ನಲ್ಲಿಯಲ್ಲಿ ಒಂದು ಬೆಳಗ್ಗೆ ನೀರು ಸಣ್ಣಗೆ ಬಂದರೂ ಬೀದಿಗೆಲ್ಲ ಕೇಳುವಂತೆ ಗೊಣಗುವ ಮನುಷ್ಯ ಮಧುಸೂದನ. ಅಂಥವನು ಜೀಪಿನಲ್ಲಿ ಊರಿಲ್ಲದ ಕಡೆಗೆ ಹೊರಟಾಗ ಮಾತ್ರ ನೀರಿನ ಮಾತೇ ಎತ್ತುತ್ತಿರಲಿಲ್ಲ.

ಮಿಕ್ಕಿದ್ದೆಲ್ಲ ತಯಾರಾಗಿತ್ತು. ಹಳೆಯ ಜೀಪು ಬಂದಿತ್ತು, ಡೇರೆ ಬಂದಿತ್ತು, ಮಡಚುವ ಕುರ್ಚಿ, ದೀಪದ ಸರ, ಕೊನೆಗೆ ಕಾಫಿ ಬೀಜ ಪುಡಿ ಮಾಡುವ ಕೈಯಂತ್ರ ಕೂಡ ಬಂದಿತ್ತು. ಹೋಗುವುದು ಆಫೀಸಿನ ಗೆಳೆಯನೊಬ್ಬನ ಬೋಳುಗುಡ್ಡದ ಜಮೀನಿಗೆ. ಅಲ್ಲಿ ಬೋರ್‌ವೆಲ್ ಇಲ್ಲ, ಕೆರೆ ಇಲ್ಲ. ಒಂದು ಅಂಗಡಿ ಬೇಕೆಂದರೂ ಮಣ್ಣುದಾರಿಯಲ್ಲಿ ಗಂಟೆಗಟ್ಟಲೆ ಹಿಂದಕ್ಕೆ ಬರಬೇಕು. ನಾಲ್ಕು ಜನಕ್ಕೆ, ಎರಡು ರಾತ್ರಿಗೆ ಎಷ್ಟು ನೀರು ಎಂದು ಕೇಳಿದರೆ, ಅಡುಗೆಮನೆಯ ಮೂಲೆಯಲ್ಲಿದ್ದ ಇಪ್ಪತ್ತು ಲೀಟರಿನ ಕ್ಯಾನು ತೋರಿಸಿ, "ಒಂದು ಸಾಕು ಬಿಡು" ಎಂದ.

ದೀಪ್ತಿಯ ಸಿಟ್ಟಿಗೆ ಕಾರಣವಿತ್ತು. ಮಾವ ರಾಮಾನುಜ ಅವರು ಹೋದ ಬೇಸಿಗೆಯಲ್ಲಿ ಕಿಡ್ನಿ ಕಲ್ಲಿನ ನೋವು ತಾಳಲಾರದೆ ಆಸ್ಪತ್ರೆ ಸೇರಿದ್ದರು. ನೀರು ಕುಡಿಯುವುದು ಕಡಿಮೆಯಾದರೆ ಮತ್ತೆ ಬರುತ್ತದೆ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಆ ಗುಡ್ಡದಲ್ಲಿ ನೋವು ಶುರುವಾದರೆ ಎಲ್ಲಿಗೆ ಓಡುವುದು? ಅವರನ್ನು ಬಿಟ್ಟು ಹೋಗೋಣವೆಂದರೆ, ಮೊಮ್ಮಗಳು ಆರಾಧನಾಳ ಜೊತೆ ನಕ್ಷತ್ರ ನೋಡುವ ಆಸೆಯಲ್ಲಿ ಅವರು ಆಗಲೇ ಮಂಕಿ ಟೋಪಿ ತೆಗೆದಿಟ್ಟುಕೊಂಡಿದ್ದರು.

ಹಿಂದಿನ ರಸ್ತೆಯ ಗಗನಾ ದೀಪ್ತಿಯ ಶಾಲೆಯ ಗೆಳತಿ. ವರ್ಷದಲ್ಲಿ ನಾಲ್ಕೈದು ಸಲವಾದರೂ ಜೀಪು ಹೊಡೆದುಕೊಂಡು ಇಂಥ ಕಡೆಗೆಲ್ಲ ಹೋಗಿಬರುವವಳು. ಅವಳು ಬಂದು, ಒಂದು ಕ್ಯಾನು ಯಾವ ಮೂಲೆಗೂ ಸಾಲದು ಎಂದು ಸಮಾಧಾನವಾಗಿಯೇ ಹೇಳಿದಳು. ಮಧುಸೂದನ ಕಿವಿಗೆ ಹಾಕಿಕೊಳ್ಳಲಿಲ್ಲ. ತನ್ನ ಮುತ್ತಾತ ಒಂದು ತಂಬಿಗೆ ಹಿಡಿದು ಕಾಶಿಗೆ ಹೋಗಿಬಂದ ಕಥೆ ತೆಗೆದ. ಮುತ್ತಾತನ ದಾರಿಯುದ್ದಕ್ಕೂ ಬಾವಿಗಳಿದ್ದವು ಎಂದು ಗಗನಾ ಹೇಳಿದ್ದಕ್ಕೆ ಮೂಗು ಮುರಿದ.

"ಸರಿ, ನನ್ನ ಮಾತು ಬೇಡ" ಎಂದಳು ಗಗನಾ. "ಈ ಭಾನುವಾರ ತಾರಸೀಲಿ ಡೇರೆ ಹಾಕಿ. ಬಾತ್ರೂಮಿಗೆ ಬಿಟ್ರೆ ಮನೆ ನಲ್ಲಿ ಮುಟ್ಬೇಡಿ. ಆ ಒಂದೇ ಕ್ಯಾನಲ್ಲಿ ಒಂದೇ ಒಂದು ದಿನ ಕಳೀರಿ. ಸಾಕಾದ್ರೆ ನಾನು ಬಾಯಿ ಮುಚ್ಕೋತೀನಿ."

ಭಾನುವಾರ ತಾರಸಿಯ ಮೇಲೆ ಡೇರೆ ಎದ್ದಿತು. ಎದುರು ಮನೆಯವರು ಬಟ್ಟೆ ಹರವುವುದನ್ನು ಬಿಟ್ಟು ನೋಡುತ್ತ ನಿಂತರು. ಕ್ಯಾನಿಗೆ ನಲ್ಲಿ ಇರಲಿಲ್ಲ. ಮಧುಸೂದನ ಅದನ್ನು ತಬ್ಬಿಕೊಂಡು ಬಗ್ಗಿಸಿದಾಗಲೆಲ್ಲ ಲೋಟಕ್ಕೆ ಅರ್ಧ, ನೆಲಕ್ಕೆ ಅರ್ಧ. ಆರಾಧನಾ ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದರಲ್ಲೇ ಎರಡು ಚೊಂಬು ಮುಗಿಸಿದಳು. ಕಾಫಿ ಫಿಲ್ಟರು ತೊಳೆಯಲು ಒಂದಿಷ್ಟು, ಅಕ್ಕಿ ತೊಳೆಯಲು ಒಂದಿಷ್ಟು ಹೋಯಿತು. ಊಟವಾದ ಮೇಲೆ ಮುಸುರೆ ಪಾತ್ರೆ ಹಾಗೇ ಬಿಡುವುದು ಆ ಮನೆಯ ಪದ್ಧತಿಯಲ್ಲ. ಎಂದೂ ಪಾತ್ರೆ ಮುಟ್ಟದ ಮಧುಸೂದನ ಅಂದು ದೊಡ್ಡ ಉಪಕಾರ ಮಾಡುವವನಂತೆ ಮುಂದಾಗಿ, ತಟ್ಟೆಗಳಿಗೆಲ್ಲ ಧಾರಾಳವಾಗಿ ಸುರಿದು ತೊಳೆದ. ಎಂಜಲು ಬಿದ್ದ ಜಾಗಕ್ಕೂ ಒಂದು ಚೊಂಬು ಹೊಯ್ದ. ಸ್ವಲ್ಪ ಹೊತ್ತಿಗೆ ಆರಾಧನಾ ನೀರು ಕೇಳಿದರೆ, ಕ್ಯಾನು ಪೂರ್ತಿ ಬೋರಲು ಹಾಕಿದರೂ ಒಂದು ಲೋಟ ತುಂಬಲಿಲ್ಲ.

ದೀಪ್ತಿಗೆ ಪಿತ್ತ ನೆತ್ತಿಗೇರಿತು. ಗಂಡನಿಗೆ ಚೆನ್ನಾಗಿ ನಾಲ್ಕು ಮಾತು ಅನ್ನಬೇಕೆಂದು ತಿರುಗಿದವಳ ಕಣ್ಣು, ಡೇರೆಯ ನೆರಳಿನಲ್ಲಿ ಕುಳಿತಿದ್ದ ಮಾವನ ಮೇಲೆ ಬಿತ್ತು. ಅವರ ತುಟಿ ಒಣಗಿತ್ತು. ಪಕ್ಕದ ಸ್ಟೀಲ್ ಲೋಟ ಬೆಳಗ್ಗೆ ಅವಳು ಇಟ್ಟ ಹಾಗೇ ಕವುಚಿಕೊಂಡಿತ್ತು.

"ಮಾವ, ಬೆಳಗ್ಗೆಯಿಂದ ನೀರು ಕುಡಿದ್ರಾ?"

ದಾಹವೇ ಆಗಲಿಲ್ಲ ಎಂದರು ರಾಮಾನುಜ. ದೀಪ್ತಿ ಬಿಡಲಿಲ್ಲ. ಎದುರಿಗೆ ಕುಳಿತು ಮತ್ತೆ ಕೇಳಿದಳು.

"ಕಾಫಿ ಕುಡಿದ್ನಲ್ಲಮ್ಮ. ಆಮೇಲೆ ನೋಡಿದ್ರೆ ಕ್ಯಾನು ಇಳೀತಾನೇ ಇತ್ತು. ಮಗೂಗೆ ಇರ್ಲಿ ಅಂತ ಸುಮ್ನಾದೆ."

ದೀಪ್ತಿಗೆ ಅಳುವೂ ಬಂತು, ಸಿಟ್ಟೂ ಬಂತು. ಕೆಳಗೆ ಸಂಪಿನ ತುಂಬ ನೀರಿದೆ. ಮೆಟ್ಟಿಲಿಳಿದರೆ ಅಡುಗೆಮನೆ. ಇದೆಲ್ಲ ಸುಮ್ಮನೆ ಪರೀಕ್ಷೆ ಎಂದು ಗೊತ್ತಿದ್ದೂ ಈ ಹಿರಿಯ ಜೀವ ಮೊಮ್ಮಗಳಿಗಾಗಿ ಬಾಯಿ ಒಣಗಿಸಿಕೊಂಡು ಕೂತಿದೆ. ನಿಜವಾದ ಗುಡ್ಡದ ಮೇಲಾದರೆ ನೋವು ಕಿತ್ತುಕೊಂಡು ಬರುವವರೆಗೂ ಯಾರಿಗೂ ತಿಳಿಯುತ್ತಿರಲಿಲ್ಲ.

"ಅಲ್ಲೂ ಇವರು ಹೀಗೇ ಸುಮ್ನಿರ್ತಾರೆ ಕಣ್ರೀ" ಎಂದಳು ಗಂಡನಿಗೆ. ದನಿ ಏರಿಸಲಿಲ್ಲ. "ನೀವು ಪಾತ್ರೆ ತೊಳೀತಾ ಇರ್ತೀರಿ."

ಮಧುಸೂದನ ದಡದಡನೆ ಕೆಳಗಿಳಿದು ಹೂಜಿ ತುಂಬಿಸಿಕೊಂಡು ಬಂದ. ಅಪ್ಪ ಎರಡು ಲೋಟ ಕುಡಿದು ಮುಗಿಸುವವರೆಗೆ ಅವರ ಮುಂದಿನಿಂದ ಏಳಲಿಲ್ಲ. ಸಂಜೆ ತಾನಾಗಿಯೇ ಹೋಗಿ ಗಗನಾಳ ಮನೆ ಬಾಗಿಲು ತಟ್ಟಿದ.

ಗಗನಾ ಹಂಗಿಸಲಿಲ್ಲ. "ಉಳಿಸೋದು ತೊಳೆಯೋದ್ರಲ್ಲಿ ಮಧು, ಕುಡಿಯೋದ್ರಲ್ಲಲ್ಲ. ಇದೊಂದು ನೆನಪಿಟ್ಕೊಳ್ಳಿ ಸಾಕು" ಎಂದು ಶುರುಮಾಡಿದಳು. ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ ಐದು ಲೀಟರಾದರೂ ಬೇಕು, ಬಿಸಿಲಿದ್ದರೆ ಇನ್ನೂ ಜಾಸ್ತಿ. ಗಾಡಿ ಕೆಟ್ಟು ನಿಂತರೆ ಇರಲಿ ಎಂದು ಒಂದು ದಿನದ ನೀರು ಹೆಚ್ಚಿಗೆ ಒಯ್ಯಬೇಕು. ಎಲ್ಲವನ್ನೂ ಒಂದೇ ಕ್ಯಾನಿನಲ್ಲಿ ತುಂಬಬಾರದು. ಅದೊಂದು ಒಡೆದರೆ ಕಥೆ ಮುಗಿಯಿತು. ನಲ್ಲಿಯಿರುವ ಸಣ್ಣ ಸಣ್ಣ ಕ್ಯಾನುಗಳು ಒಳ್ಳೆಯದು, ಎಣ್ಣೆ ಪೆಟ್ರೋಲು ತುಂಬಿದ್ದ ಡಬ್ಬ ಮಾತ್ರ ಬೇಡವೇ ಬೇಡ. ನೀರಿನ ಭಾರ ಜೀಪಿನ ನೆತ್ತಿಯ ಮೇಲಿದ್ದರೆ ತಿರುವಿನಲ್ಲಿ ಗಾಡಿ ವಾಲುತ್ತದೆ, ಆದ್ದರಿಂದ ಕೆಳಗೆ ನೆಲಕ್ಕಿಟ್ಟು ಬಿಗಿಯಾಗಿ ಕಟ್ಟಬೇಕು. ಊಟಕ್ಕೆ ಮುತ್ತುಗದೆಲೆ ಒಯ್ದರೆ ತಟ್ಟೆ ತೊಳೆಯುವ ತಾಪತ್ರಯವೇ ಇಲ್ಲ. ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ, ಅಕ್ಕಿ ತೊಳೆದ ನೀರಿನಲ್ಲಿ ಉಜ್ಜಿ, ಕೊನೆಗೆ ಸ್ವಲ್ಪ ಒಳ್ಳೆಯ ನೀರು ಹಾಕಿದರಾಯಿತು. ಕೈ ತೊಳೆಯಲು ಮುಚ್ಚಳಕ್ಕೆ ತೂತು ಮಾಡಿದ ಬಾಟಲಿ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬೊಬ್ಬರಿಗೂ ಹೆಸರು ಬರೆದ ಒಂದೊಂದು ಕುಡಿಯುವ ಬಾಟಲಿ ಇರಬೇಕು. ಯಾರು ಕುಡಿದರು, ಯಾರು ಕುಡಿಯಲಿಲ್ಲ ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಮುಂದಿನ ತಿಂಗಳು ಅವರು ಹೋದರು. ಮರಳುವ ದಿನ ಜೀಪಿನ ಕ್ಲಚ್ಚು ಕೈಕೊಟ್ಟು, ಮೆಕ್ಯಾನಿಕ್ ಬರುವುದು ಮಾರನೆಯ ದಿನವಾಯಿತು. ಹೆಚ್ಚಿಗೆ ಒಯ್ದ ನೀರಿನಲ್ಲಿ ಆ ದಿನ ಕಳೆಯಿತು. ಬಾಟಲಿ ಖಾಲಿಯಾಯಿತಾ ಎಂದು ಸೊಸೆ ಹೊತ್ತುಹೊತ್ತಿಗೂ ಕೇಳಿ ಪ್ರಾಣ ತಿನ್ನುತ್ತಾಳೆ, ನಕ್ಷತ್ರ ನೋಡಲೂ ಬಿಡುವುದಿಲ್ಲ ಎಂದು ರಾಮಾನುಜ ಗೊಣಗಿದರು. ಗೊಣಗುತ್ತಲೇ ಕುಡಿದರು. ನೋವು ಬರಲಿಲ್ಲ.

ಡೇರೆ ಕಟ್ಟಿಕೊಂಡು ದೂರ ಹೊರಡುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಲೆಕ್ಕವನ್ನು ಮೊದಲು ಮನೆಯಲ್ಲೇ ಒಂದು ದಿನ ಪರೀಕ್ಷೆ ಮಾಡಿ. ದಾರಿಯಲ್ಲಿ ಸಿಗುತ್ತದೆ ಎಂಬ ಧೈರ್ಯದಲ್ಲಿ ಹೊರಡಬೇಡಿ. ತೊಳೆಯುವಾಗ ಜಿಪುಣರಾಗಿ, ಕುಡಿಯುವಾಗ ಆಗಬೇಡಿ. ನೀರು ಬೇಕು ಎಂದು ಬಾಯಿಬಿಟ್ಟು ಕೇಳದವರು ನಿಮ್ಮ ಗಾಡಿಯಲ್ಲೂ ಒಬ್ಬರಿರುತ್ತಾರೆ. ಮೊದಲು ಅವರ ಬಾಟಲಿ ನೋಡಿ.